ಗೇಡನ್‌ನ ಹೆರಿಟೇಜ್ ಸರ್ಟಿಫಿಕೇಟ್: ತರಿಸಿಕೊಳ್ಳಿ, ಆದರೆ ಕಾರಿನ ಪಕ್ಕ ನಿಂತು ಓದಿ

ಹಳೇ ಬ್ರಿಟಿಷ್ ಕಾರು ಕೊಳ್ಳುವ ಯೋಚನೆ ಇದ್ದರೆ ಇಂಗ್ಲೆಂಡಿನ ಗೇಡನ್ ಊರಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕೊಡುವ ಹೆರಿಟೇಜ್ ಸರ್ಟಿಫಿಕೇಟ್ ಖಂಡಿತ ತರಿಸಿಕೊಳ್ಳಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಮಾರುವವರು ಅದಕ್ಕೆ ಫ್ರೇಮ್ ಹಾಕಿಸಿ, "ನೋಡಿ, ಕಾರು ಒರಿಜಿನಲ್ ಅಂತ ಮ್ಯೂಸಿಯಂನವರೇ ಬರೆದುಕೊಟ್ಟಿದ್ದಾರೆ" ಅಂದರೆ ಒಪ್ಪಬೇಡಿ. ಆ ಕಾಗದ ಹಾಗೆ ಹೇಳುವುದೇ ಇಲ್ಲ.

ನಾನಿರುವುದು ಕವೆಂಟ್ರಿಯಲ್ಲಿ. ತಗಡು ಒತ್ತಿ ರೂಪ ಕೊಡುವ ಪ್ರೆಸ್ ಶಾಪ್‌ನಲ್ಲಿ ವೆಲ್ಡಿಂಗ್ ತಪಾಸಣೆ ನನ್ನ ಕೆಲಸ. ನಮ್ಮ ಯಜಮಾನರಿಗೆ ಮೊದಲಿನಿಂದಲೂ ಎಂಜಿಬಿ ಎಂಬ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮೇಲೆ ಆಸೆ. ಕೊನೆಗೆ 1965ರ ಒಂದು ರೋಡ್‌ಸ್ಟರ್ (ಮೇಲೆ ತೆರೆದಿರುವ ಮಾದರಿ) ಸಿಕ್ಕಿತು. ಟಾರ್ಟನ್ ರೆಡ್ ಬಣ್ಣ, ತಂತಿ ಚಕ್ರ, ನೋಡಲು ತುಂಬಾ ಚೆಂದ. ಮಾರುವವರು ಹೇಳಿದ್ದು "ಎಲ್ಲಾ ನಂಬರ್ ಮ್ಯಾಚ್ ಆಗುತ್ತವೆ" ಅಂತ, ಅಂದರೆ ಇಂಜಿನ್, ಬಾಡಿ ಎಲ್ಲಾ ಕಾರ್ಖಾನೆಯಿಂದ ಬಂದವೇ ಅಂತ. ಜೊತೆಗೆ ಈ ಸರ್ಟಿಫಿಕೇಟ್ ಕೂಡ ಇತ್ತು. ಅವರ ಹೆರಿಟೇಜ್ ಕಾಗದ ಹಿಡಿದುಕೊಂಡು ಬಾನೆಟ್ ಎತ್ತಿಸಿದೆ.

ಮ್ಯೂಸಿಯಂನಲ್ಲಿ ಕಾರ್ಖಾನೆಗಳ ಉತ್ಪಾದನಾ ದಾಖಲೆಗಳಿವೆ. ನೀವು ಕಾರಿನ ನಂಬರ್ ಕೊಟ್ಟರೆ ಆ ದಾಖಲೆಯಲ್ಲಿ ಏನಿದೆಯೋ ಅದನ್ನು ಬರೆದು ಕೊಡುತ್ತಾರೆ. ಕಾರು ಯಾವಾಗ ತಯಾರಾಯಿತು, ಇಂಜಿನ್ ನಂಬರ್, ಬಾಡಿ ನಂಬರ್, ಬಣ್ಣ, ಒಳಗಿನ ಸೀಟಿನ ಬಣ್ಣ, ಕಾರ್ಖಾನೆಯಲ್ಲೇ ಹಾಕಿದ ಹೆಚ್ಚುವರಿ ಸಾಮಾನು, ಎಲ್ಲಿಗೆ ಕಳಿಸಿದರು. ಎಲ್ಲಾ ಕಾರಿಗೂ ಎಲ್ಲಾ ವಿವರ ಇರುವುದಿಲ್ಲ. ಆದರೆ ಇರುವಷ್ಟು ಅಚ್ಚುಕಟ್ಟಾಗಿರುತ್ತದೆ. ಗಮನಿಸಿ: ಇದೆಲ್ಲ ಕಾರು ಆ್ಯಬಿಂಗ್‌ಡನ್ ಕಾರ್ಖಾನೆಯ ಗೇಟು ದಾಟಿದ ದಿನದ ಮಾತು. ಇವತ್ತು ನಿಮ್ಮೆದುರು ನಿಂತಿರುವ ಕಾರನ್ನು ಅವರು ಯಾರೂ ಬಂದು ನೋಡಿಲ್ಲ.

ನಮ್ಮ ಕಾಗದದಲ್ಲಿ ಬಣ್ಣ ಐರಿಸ್ ಬ್ಲೂ ಅಂತ ಇತ್ತು. ಸರಿ, ಯಾರೋ ಆಮೇಲೆ ಕೆಂಪು ಬಳಿಸಿರಬಹುದು. ಆದರೆ ಬಣ್ಣ ಬದಲಿಸಿದ ಕಾರಿನಲ್ಲಿ ಹಳೇ ಬಣ್ಣ ಎಲ್ಲೋ ಒಂದು ಕಡೆ ಉಳಿದೇ ಉಳಿಯುತ್ತದೆ, ಅಲ್ವಾ? ಡ್ಯಾಶ್‌ಬೋರ್ಡ್ ಹಿಂದೆ, ಬಾಗಿಲ ಒಳಗಿನ ಪ್ಯಾನೆಲ್ ಕೆಳಗೆ, ಡಿಕ್ಕಿಯ ಮೂಲೆಯಲ್ಲಿ. ಟಾರ್ಚ್ ಹಾಕಿ ಹುಡುಕಿದೆ. ಒಂದು ಚುಕ್ಕೆ ನೀಲಿಯೂ ಸಿಗಲಿಲ್ಲ. ಇಂಜಿನ್ ನಂಬರ್ ಕಾಗದದಲ್ಲಿ 18ಜಿಬಿ ಅಂತ ಶುರುವಾಗುತ್ತದೆ. ಅಂದರೆ 1964ರ ಕೊನೆಯಲ್ಲಿ ಬಂದ, ಐದು ಬೇರಿಂಗ್‌ನ 1798 ಸಿಸಿ ಇಂಜಿನ್. ಕಾರಿನಲ್ಲಿ ಕೂತಿದ್ದದ್ದು 18ವಿ, 1970ರ ದಶಕದ್ದು. ಕಾಗದದಲ್ಲಿರುವ ಬಾಡಿ ನಂಬರ್ ಕಾರಿನಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ನೋಡಿದ್ದು ವೆಲ್ಡ್‌ಗಳನ್ನು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಲವೆಲ್ಲ ಬಾಗಿಲ ಕೆಳಗಿನ ಸಿಲ್‌ಗಳಲ್ಲಿ. ಅವು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಈ ದೇಶದಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕುತ್ತಾರೆ, ಅದಕ್ಕೇ ಇಷ್ಟು ಬೇಗ ಹಾಳಾಗುವುದು. ಐವತ್ತು ವರ್ಷ ದಾಟಿದ ಕಾರಿನ ಸಿಲ್ ಬಳಿ ತಗಡು ಹಚ್ಚಿದ ಗುರುತು, ಉಜ್ಜಿ ಸಮ ಮಾಡಿದ ವೆಲ್ಡ್ ಸಾಮಾನ್ಯ. ಇಲ್ಲಿ ಮೂಗಿನಿಂದ ಬಾಲದವರೆಗೆ ಸ್ಪಾಟ್ ವೆಲ್ಡ್ ಸಾಲುಸಾಲಾಗಿ, ಒಂದೇ ಅಂತರದಲ್ಲಿ ಇದ್ದವು. ಇದು ರಿಪೇರಿ ಆದ ಬಾಡಿಯಲ್ಲ, ಪೂರ್ತಿ ಹೊಸ ಬಾಡಿ. ಬ್ರಿಟಿಷ್ ಮೋಟರ್ ಹೆರಿಟೇಜ್ ಕಂಪನಿ 1988ರಿಂದ ಎಂಜಿಬಿಯ ಹಳೇ ಪ್ರೆಸ್ ಟೂಲ್‌ಗಳನ್ನೇ ಬಳಸಿ ಹೊಸ ಶೆಲ್, ಅಂದರೆ ಬರೀ ಬಾಡಿ, ಮಾಡುತ್ತಿದೆ. ಹೆಸರು ಹತ್ತಿರ ಇರುವುದರಿಂದ ಸುಮಾರು ಜನ ಇದನ್ನೂ ಮ್ಯೂಸಿಯಂನ ಸರ್ಟಿಫಿಕೇಟನ್ನೂ ಒಂದೇ ಅಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ. ಶೆಲ್ ಮಾತ್ರ ತುಂಬಾ ಒಳ್ಳೆಯ ಕೆಲಸ, ನನ್ನ ವೃತ್ತಿಯ ಕಣ್ಣಿನಿಂದ ನೋಡಿ ಹೇಳುತ್ತಿದ್ದೇನೆ.

ಕೇಳಿದಾಗ ಮಾರುವವರು ಫೈಲ್‌ನ ತಳದಿಂದ 1990ರ ದಶಕದ ಒಂದು ಬಿಲ್ ತೆಗೆದರು. ಹೊಸ ಶೆಲ್ ತಂದಿದ್ದಕ್ಕೆ, ಹಳೇ ಶೆಲ್ ಗುಜರಿಗೆ ಹೋಗಿದ್ದಕ್ಕೆ ಅದರಲ್ಲಿ ದಾಖಲೆ ಇತ್ತು. ಇಷ್ಟು ಮುಖ್ಯವಾದ ಕಾಗದವನ್ನು ಬಚ್ಚಿಟ್ಟು, ಚೆಂದದ ಕಾಗದವನ್ನು ಮಾತ್ರ ಮುಂದಿಟ್ಟಿದ್ದು ನನಗೆ ಸಿಟ್ಟು ತರಿಸಿತು. ಬೆಲೆ ಇಳಿಸಿದರು, ಕೊಂಡೆವು. ಯಜಮಾನರು ಖುಷಿಯಾಗಿದ್ದಾರೆ.

ಜಗಳ ಶುರುವಾದದ್ದು ಹಳೇ ಕಾರಿನವರ ಕ್ಲಬ್‌ನಲ್ಲಿ. ಇಂಥ ಕಾರನ್ನು 1965ರದ್ದು ಅಂತ ಕರೆಯಬಹುದಾ? ಒಬ್ಬರು "ಸ್ಕ್ರೂ ಬಿಚ್ಚಿ ನಂಬರ್ ಪ್ಲೇಟ್ ಒಂದನ್ನು ಈ ಕಡೆ ಹಾಕಿದ್ದೀರಿ, ಅಷ್ಟೇ" ಅಂದರು. ಇನ್ನೊಬ್ಬರು ಕಾನೂನಿನ ಲೆಕ್ಕ ತೆಗೆದರು. ಇಲ್ಲಿ ವಾಹನ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎ ಬಹಳ ಕಾಲ ಒಂದು ಅಂಕದ ಪಟ್ಟಿ ಬಳಸಿತ್ತು. ಚಾಸಿ ಅಥವಾ ಮಾನೊಕಾಕ್ ಬಾಡಿಗೆ (ಬಾಡಿಯೇ ಚಾಸಿ ಆಗಿರುವಂಥದ್ದು) 5, ಸಸ್ಪೆನ್ಷನ್, ಆ್ಯಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ತಲಾ 2, ಇಂಜಿನ್‌ಗೆ ಬರೀ 1. ಒಟ್ಟು 8 ಬಂದರೆ ಹಳೇ ನೋಂದಣಿ ನಂಬರ್ ಉಳಿಯುತ್ತಿತ್ತು. ಅದೇ ವಿನ್ಯಾಸದ ಹೊಸ ಶೆಲ್‌ಗೂ ಆ 5 ಅಂಕ ಸಿಗುತ್ತಿತ್ತು, ಬಿಲ್ ತೋರಿಸಬೇಕಿತ್ತು. ಬೆಂಗಳೂರಿನ ನನ್ನ ತಮ್ಮ ಇದನ್ನು ಕೇಳಿ ಆಶ್ಚರ್ಯಪಟ್ಟ. ನಮ್ಮಲ್ಲಿ 2021ರ ವಿಂಟೇಜ್ ನಿಯಮದ ಪ್ರಕಾರ 'ವಿಎ' ನಂಬರ್ ಬೇಕಾದರೆ 50 ವರ್ಷ ಆಗಿದ್ದರೆ ಸಾಲದು, ಚಾಸಿ, ಬಾಡಿ ಶೆಲ್, ಇಂಜಿನ್ ಹೆಚ್ಚು ಬದಲಾಗಿರಬಾರದು. ನಮ್ಮ ಕೆಂಪು ಕಾರು ಅಲ್ಲಿದ್ದರೆ ಆ ನಂಬರ್ ಸಿಗುತ್ತಿರಲಿಲ್ಲ.

ಇಂಥ ಜಗಳ ಲಂಡನ್ ಹೈಕೋರ್ಟಿಗೂ ಹೋಗಿತ್ತು. 1929 ಮತ್ತು 1930ರ ಲೆಮಾನ್ಸ್ ರೇಸ್ ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್. ಮುಂದೆ ಅದರ ಇಂಜಿನ್, ಬಾಡಿ ಎಲ್ಲಾ ಬದಲಾಗುತ್ತಾ ಹೋದವು. 1 ಕೋಟಿ ಪೌಂಡ್‌ಗೆ ವ್ಯಾಪಾರ ಕುದುರಿದ ಮೇಲೆ ಕೊಳ್ಳುವವರು, ಇದು ಆ ಕಾರೇ ಅಲ್ಲ ಅಂತ ಹಿಂದೆ ಸರಿದರು. 1990ರಲ್ಲಿ ನ್ಯಾಯಾಧೀಶ ಆಟನ್ ಮಾರುವವರ ಪರ ತೀರ್ಪು ಕೊಟ್ಟರು. ಭಾಗಗಳು ಬದಲಾದರೂ ಕಾರಿನ ಚರಿತ್ರೆ ಎಲ್ಲೂ ಕಡಿದಿಲ್ಲ, ಆ ಹೆಸರಿಗೆ ಹಕ್ಕು ಹೇಳುವ ಇನ್ನೊಂದು ಬೆಂಟ್ಲಿಯೂ ಇಲ್ಲ ಅನ್ನುವುದು ಅದರ ಸಾರ.

ನನಗೆ ಹಿಡಿಸಿದ್ದು ಈ ಎರಡನೇ ಮಾತು. ರೀಶೆಲ್ ಆದ, ಅಂದರೆ ಹೊಸ ಶೆಲ್ ಹಾಕಿದ ಕಾರು ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಹಳೇ ಶೆಲ್ ಎಲ್ಲಿ ಹೋಯಿತು? ಅದನ್ನು ಯಾರೋ ಕೊಂಡುಹೋಗಿ, ತೇಪೆ ಹಾಕಿ ಎಬ್ಬಿಸಿದ್ದರೆ ನಾಳೆ ಒಂದೇ ನಂಬರಿಗೆ ಎರಡು ಕಾರು ಎದುರುಬದುರು ನಿಲ್ಲುತ್ತವೆ. ಕ್ಲಬ್‌ಗಳಲ್ಲಿ ಸ್ನೇಹ ಮುರಿಯುವುದು ಅಲ್ಲೇ. ಅದಕ್ಕೇ ಗುಜರಿಗೆ ಹೋದ ದಾಖಲೆ ನನಗೆ ಸರ್ಟಿಫಿಕೇಟ್‌ಗಿಂತ ಜಾಸ್ತಿ ಬೆಲೆಯದ್ದು. ನಾವು ಈಗ ಎರಡನ್ನೂ ಫೈಲ್‌ನಲ್ಲಿ ಮೊದಲ ಪುಟದಲ್ಲೇ ಇಟ್ಟಿದ್ದೇವೆ. ಪ್ರದರ್ಶನಕ್ಕೆ ಹೋದಾಗ ಕಾರಿನ ಬೋರ್ಡ್ ಮೇಲೂ 'ಹೊಸ ಶೆಲ್, 1970ರ ದಶಕದ ಇಂಜಿನ್' ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ.

ತರಿಸುವವರಿಗೆ ಒಂದೆರಡು ಮಾತು. ಮ್ಯೂಸಿಯಂನ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಬಹುದು. ಹಾಕುವ ಮುಂಚೆ ನಂಬರ್ ಸರಿಯಾಗಿ ಓದಿಕೊಳ್ಳಿ. ನಮ್ಮ ಕಾರಿನ ಕಾಲದ ಎಂಜಿಬಿ ರೋಡ್‌ಸ್ಟರ್‌ಗೆ ಜಿಎಚ್‌ಎನ್3 ಅಂತ ಶುರುವಾಗುತ್ತದೆ. ಅದಾದ ಮೇಲೆ ಎಲ್ ಇದ್ದರೆ ಎಡಗೈ ಸ್ಟೀರಿಂಗ್ ಕಾರು. ಈಗ ಬಲಗೈ ಸ್ಟೀರಿಂಗ್ ಇದ್ದರೆ ಯಾವಾಗ ಬದಲಿಸಿದರು ಅಂತ ಕೇಳಿ. ಮಾರುವವರ ಹತ್ತಿರ ಆಗಲೇ ಸರ್ಟಿಫಿಕೇಟ್ ಇದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು, ಬಾನೆಟ್ ತೆರೆಸಿ, ಒಂದೊಂದೇ ಸಾಲನ್ನು ಕಾರಿನ ಜೊತೆ ಹೋಲಿಸಿ ನೋಡಿ. ಟಾರ್ಚ್ ಮರೆಯಬೇಡಿ.