ಬೆಂಗಳೂರಿನ ಏಜೆನ್ಸಿ, ರೀಲ್ಸ್ ಪೇಜು, ಕರಪತ್ರ, ಮೈಸೂರಿನ ಕನ್ಸಲ್ಟೆಂಟ್: ನಮ್ಮ ಗಾಣದೆಣ್ಣೆ ಅಂಗಡಿಗೆ ಯಾವುದು ಗಿಟ್ಟಿತು

ಮೈಸೂರಿನ ರಾಮಕೃಷ್ಣನಗರದ ಕಡೆ ನಮ್ಮದೊಂದು ಮರದ ಗಾಣದ ಎಣ್ಣೆ ಅಂಗಡಿ ಇದೆ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆ, ಜೊತೆಗೆ ಹರಳೆಣ್ಣೆ. ನಾನು, ನಮ್ಮನೆಯವರು, ಗಾಣ ನೋಡಿಕೊಳ್ಳುವ ಒಬ್ಬರು, ಇಷ್ಟೇ ಜನ. ಇಷ್ಟು ಸಣ್ಣ ವ್ಯಾಪಾರಕ್ಕೂ ಮಾರ್ಕೆಟಿಂಗ್‌ಗೆ ಅಂತ ಒಬ್ಬರಿಗೆ ದುಡ್ಡು ಕೊಡಬೇಕಾ, ಕೊಡೋದಾದರೆ ಯಾರಿಗೆ ಅಂತ ಅಕ್ಕಪಕ್ಕದ ಅಂಗಡಿಯವರು ಆಗಾಗ ಕೇಳುತ್ತಾರೆ. ನಾವು ನಾಲ್ಕು ಥರದವರಿಗೂ ದುಡ್ಡು ಕೊಟ್ಟು ನೋಡಿದ್ದೇವೆ. ಬೆಂಗಳೂರಿನ ಏಜೆನ್ಸಿ, ಇನ್‌ಸ್ಟಾಗ್ರಾಮ್‌ನ ಒಂದು ರೀಲ್ಸ್ ಪೇಜು, ಪೇಪರ್ ಒಳಗಿಡುವ ಕರಪತ್ರ, ಕೊನೆಗೆ ಮೈಸೂರಿನವರೇ ಆದ ಒಬ್ಬ ಕನ್ಸಲ್ಟೆಂಟ್. ನಮ್ಮಂಥ ಬಡಾವಣೆ ಅಂಗಡಿಗೆ ಊರಿನ ಕನ್ಸಲ್ಟೆಂಟೇ ಸರಿ ಅನ್ನೋದು ನನ್ನ ಅಭಿಪ್ರಾಯ. ಆದರೆ ಅವರನ್ನು ಕೆಲವೇ ತಿಂಗಳಿಗೆ ಇಟ್ಟುಕೊಳ್ಳಬೇಕು, ಕೆಲವು ಷರತ್ತು ಹಾಕಿಯೇ ಇಟ್ಟುಕೊಳ್ಳಬೇಕು.

ಮೊದಲು ಲೆಕ್ಕ. ಗಾಣದಲ್ಲಿ ಒಂದು ಲೀಟರ್ ಕಡಲೆಕಾಯಿ ಎಣ್ಣೆ ಬರಬೇಕಾದರೆ ಎರಡೂವರೆ ಕೆಜಿ ಹತ್ತಿರ ಬೀಜ ಬೇಕು. ಬೀಜದ ರೇಟು ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳು ಇರೋದಿಲ್ಲ. ಹಿಂಡಿ ಮಾರಿದ ದುಡ್ಡೂ ಸೇರಿಸಿ, ಬಾಡಿಗೆ, ಕರೆಂಟು, ಸಂಬಳ ಎಲ್ಲ ಕಳೆದರೆ ಲೀಟರಿಗೆ 60 ರೂಪಾಯಿ ಉಳಿದರೆ ಅದು ಒಳ್ಳೆ ತಿಂಗಳು. ಬೆಂಗಳೂರಿನ ಏಜೆನ್ಸಿ ಕೇಳಿದ್ದು ತಿಂಗಳಿಗೆ 25,000. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 29,500. ನಾವು ಸಣ್ಣ ವ್ಯಾಪಾರಿಗಳಿಗಿರುವ ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ದೇವೆ, ಅಂದರೆ ಕೊಟ್ಟ ಜಿಎಸ್‌ಟಿ ವಾಪಸ್ ಬರೋದಿಲ್ಲ, ಅದೂ ಖರ್ಚೇ. 29,500ನ್ನು 60ರಿಂದ ಭಾಗಿಸಿ ನೋಡಿ. ಅವರ ಫೀಸು ಹುಟ್ಟೋದಕ್ಕೇ ತಿಂಗಳಿಗೆ 490 ಲೀಟರ್‌ಗಿಂತ ಜಾಸ್ತಿ ಹೊಸದಾಗಿ ಮಾರಬೇಕು. ಇದರಲ್ಲಿ ಜಾಹೀರಾತಿಗೆ ಹಾಕುವ ದುಡ್ಡು ಇನ್ನೂ ಸೇರಿಲ್ಲ. ಯಾರ ಜೊತೆ ಮಾತಿಗೆ ಕೂರುವ ಮುಂಚೆಯೂ ಈ ಭಾಗಾಕಾರವನ್ನು ಒಂದು ಚೀಟಿಯಲ್ಲಿ ಮಾಡಿ ಇಟ್ಟುಕೊಳ್ಳಿ. ಅದು ಕೈಯಲ್ಲಿದ್ದರೆ ಮಾತು ತಾನಾಗೇ ನೆಟ್ಟಗಾಗುತ್ತದೆ.

ಏಜೆನ್ಸಿಯವರ ಕೆಲಸದಲ್ಲಿ ಒಳ್ಳೇದೂ ಇತ್ತು, ಅದನ್ನು ಹೇಳಲೇಬೇಕು. ಬಾಟಲಿಯ ಲೇಬಲ್ಲನ್ನು ಅವರು ಹೊಸದಾಗಿ ಮಾಡಿಕೊಟ್ಟರು. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು, ತೂಕ, ತಯಾರಿಸಿದ ತಾರೀಖು ಎಲ್ಲ ಓದೋಕೆ ಆಗುವ ಹಾಗೆ ಕೂರಿಸಿದರು. ಫೋಟೋಗಳಂತೂ ಚೆನ್ನಾಗಿದ್ದವು, ಇವತ್ತಿಗೂ ಅವನ್ನೇ ಬಳಸುತ್ತಿದ್ದೇವೆ. ಮೊದಲ ದಿನ ಬಂದು ಮಾತಾಡಿದವರು ಬುದ್ಧಿವಂತರು, ನಮ್ಮ ಮಾತು ಪೂರ್ತಿ ಕೇಳಿಸಿಕೊಂಡರು. ಅಡ್ವಾನ್ಸ್ ಕೊಟ್ಟ ಮೇಲೆ ನಮ್ಮ ಕೆಲಸ ಹೋಗಿದ್ದು ಬೇರೆ ಯಾರ ಕೈಗೋ. ಆ ಹುಡುಗಿ ಪಾಪ ಎಷ್ಟು ಅಂಗಡಿ ನೋಡಿಕೊಳ್ಳುತ್ತಿದ್ದಳೋ, ಅಂಗಡಿಗೆ ಒಮ್ಮೆಯೂ ಕಾಲಿಡಲಿಲ್ಲ. ಯೋಗ ದಿನದ ಶುಭಾಶಯ, ಅಮ್ಮಂದಿರ ದಿನದ ಶುಭಾಶಯ, ಎಲ್ಲ ಇಂಗ್ಲಿಷಿನಲ್ಲಿ, ನಮ್ಮ ಲೋಗೋ ಹಾಕಿ ಬರುತ್ತಿದ್ದವು. ತಿಂಗಳ ಕೊನೆಗೆ ಒಂದು ರಿಪೋರ್ಟು. ಇಷ್ಟು ಸಾವಿರ ಜನ ನೋಡಿದರು, ಅಷ್ಟು ಸಾವಿರ ಜನಕ್ಕೆ ತಲುಪಿತು. ಅಂಗಡಿಗೆ ಎಷ್ಟು ಜನ ಬಂದರು ಅಂತ ಕೇಳಿದರೆ ಅದಕ್ಕೆ ಆ ರಿಪೋರ್ಟಿನಲ್ಲಿ ಜಾಗವೇ ಇರಲಿಲ್ಲ.

ಎರಡು ವಿಷಯ ನನಗೆ ನಿಜಕ್ಕೂ ಬೇಜಾರು ಮಾಡಿದವು. ಒಂದು, ನಮ್ಮ ಎಣ್ಣೆ ತಿಂದರೆ ಹೃದಯದ ಕಾಯಿಲೆ ವಾಸಿಯಾಗುತ್ತದೆ ಅನ್ನುವ ಥರದ ಒಂದು ಪೋಸ್ಟು ತಯಾರು ಮಾಡಿ ಕಳಿಸಿದ್ದರು. ಆಹಾರ ಪದಾರ್ಥ ಕಾಯಿಲೆ ವಾಸಿ ಮಾಡುತ್ತದೆ ಅಂತ ಜಾಹೀರಾತು ಕೊಡೋ ಹಾಗಿಲ್ಲ, ಎಫ್‌ಎಸ್‌ಎಸ್‌ಎಐನ 2018ರ ನಿಯಮದಲ್ಲೇ ಇದೆ. ನೋಟಿಸ್ ಬಂದರೆ ಅಂಗಡಿಯೂ ಉತ್ತರ ಕೊಡಬೇಕಾಗುತ್ತದೆ. ಕೊಲೆಸ್ಟ್ರಾಲ್ ಇಲ್ಲ ಅಂತ ದೊಡ್ಡದಾಗಿ ಹಾಕೋಣ ಅಂತಲೂ ಹೇಳಿದರು. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರೋದಿಲ್ಲ, ನಮ್ಮದರಲ್ಲೊಂದೇ ಇಲ್ಲ ಅನ್ನೋ ಹಾಗೆ ಹೇಳೋದು ಗಿರಾಕಿಗೆ ಮಾಡುವ ಮೋಸ ಅಲ್ವಾ? ಎರಡನೆಯದು, ಜಾಹೀರಾತಿನ ಅಕೌಂಟನ್ನು ಅವರ ಹೆಸರಿನಲ್ಲೇ ಮಾಡಿದ್ದರು. ದುಡ್ಡು ನಮ್ಮದು, ಆದರೆ ಯಾವ ಏರಿಯಾದಲ್ಲಿ ಹಾಕಿದ್ದಕ್ಕೆ ಎಷ್ಟು ಫೋನ್ ಬಂತು ಅನ್ನುವ ಲೆಕ್ಕವೆಲ್ಲ ಅವರ ಹತ್ತಿರವೇ ಉಳಿಯಿತು.

ರೀಲ್ಸ್ ಪೇಜಿನ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಬಂದರು, ಗಾಣ ತಿರುಗೋದು, ಎಣ್ಣೆ ಇಳಿಯೋದು ಚೆನ್ನಾಗಿ ತೆಗೆದರು. ತುಂಬಾ ಜನ ನೋಡಿದರು. ಆದರೆ ರೇಟ್ ಎಷ್ಟು ಅಂತ ಕಾಮೆಂಟ್ ಹಾಕಿದವರೆಲ್ಲ ಹುಬ್ಬಳ್ಳಿ, ಬೆಂಗಳೂರು, ದಾವಣಗೆರೆಯವರು. ಅಂಗಡಿಗೆ ಬಂದ ಕೆಲವರು ತಾವೂ ಒಂದು ವಿಡಿಯೋ ಮಾಡಿಕೊಂಡು 200 ಎಂಎಲ್ ಕೊಬ್ಬರಿ ಎಣ್ಣೆ ತಗೊಂಡು ಹೋದರು. ಹೊಸದಾಗಿ ತಿಂಡಿ ಹೋಟೆಲ್ ಅಥವಾ ಕೆಫೆ ತೆಗೆದವರಿಗೆ ಇದು ಕೆಲಸ ಮಾಡುತ್ತದೆ, ಯಾಕಂದರೆ ಜನ ಒಮ್ಮೆ ರುಚಿ ನೋಡೋಕೆ ಅಂತಲೇ ದೂರದಿಂದ ಬರುತ್ತಾರೆ. ಅಡುಗೆ ಎಣ್ಣೆಗೆ ಹಾಗೆ ಯಾರೂ ಬರೋದಿಲ್ಲ. ಇನ್ನೊಂದು ಮಾತು. ದುಡ್ಡು ಕೊಟ್ಟು ಮಾಡಿಸಿದ ರೀಲ್ ಆದರೆ ಅದು ಜಾಹೀರಾತು ಅಂತ ಅದರಲ್ಲೇ ತಿಳಿಸಬೇಕು, 2021ರಿಂದ ಜಾಹೀರಾತು ಗುಣಮಟ್ಟ ಮಂಡಳಿಯ (ಎಎಸ್‌ಸಿಐ) ಮಾರ್ಗಸೂಚಿ ಇದೆ. ಅದನ್ನು ಹಾಕಿ ಅಂತ ನೀವೇ ಕೇಳಿ, ಅವರಾಗಿ ಹಾಕೋದು ಕಡಿಮೆ.

ಕರಪತ್ರವನ್ನು ಈಗ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳೋದಿಲ್ಲ. ನಾನು ಇಟ್ಟುಕೊಳ್ಳುತ್ತೇನೆ. ಮೈಸೂರಿನಲ್ಲಿ ಇವತ್ತಿಗೂ ಬೆಳಿಗ್ಗೆ ಕಾಫಿ ಜೊತೆ ಮೈಸೂರು ಮಿತ್ರನೋ ಆಂದೋಲನವೋ ಬೇಕು ಅನ್ನುವ ಮನೆಗಳು ಸಾಕಷ್ಟಿವೆ. ಆ ಮನೆಗಳಲ್ಲಿ ಎಣ್ಣೆ ಯಾವುದು ತರಬೇಕು ಅಂತ ತೀರ್ಮಾನ ಮಾಡೋರೂ ಪೇಪರ್ ಓದುವ ಹಿರಿಯರೇ. ಏಜೆಂಟರಿಗೆ ಹೇಳಿದರೆ ಬೇಕಾದ ಲೈನಿಗೆ ಮಾತ್ರ ಹಾಕಿಸುತ್ತಾರೆ, ಇಡೀ ಊರಿಗೆ ಹಂಚಬೇಕಾಗಿಲ್ಲ. ಚೀಟಿ ತಂದವರಿಗೆ ಒಂದು ಸಣ್ಣ ಬಾಟಲಿ ದೀಪದ ಎಣ್ಣೆ ಫ್ರೀ ಅಂತ ಹಾಕಿದ್ದೆವು. ಹಾಗಾಗಿ ಎಷ್ಟು ಚೀಟಿ ವಾಪಸ್ ಬಂತು ಅಂತ ಎಣಿಸೋಕೆ ಆಯಿತು. ಏಜೆನ್ಸಿ ರಿಪೋರ್ಟಿನಲ್ಲಿ ಸಿಗದಿದ್ದ ಲೆಕ್ಕ ಒಂದು ರಬ್ಬರ್ ಬ್ಯಾಂಡಿನ ಕಟ್ಟಿನಲ್ಲಿ ಸಿಕ್ಕಿತು. ಆದರೆ ಕರಪತ್ರದಿಂದ ಬರೋರು ಹತ್ತಿರದವರೇ, ಒಂದೇ ಏರಿಯಾಗೆ ಮತ್ತೆ ಮತ್ತೆ ಹಾಕಿದರೆ ಹೊಸಬರು ಸಿಗೋದಿಲ್ಲ.

ಇನ್ನು ಊರಿನ ಕನ್ಸಲ್ಟೆಂಟ್. ಮೈಸೂರಿನಲ್ಲಿ ಈ ಹೆಸರಿನಲ್ಲಿ ಎರಡು ಥರದವರು ಸಿಗುತ್ತಾರೆ. ಒಬ್ಬರು ಬಂದ ಕೂಡಲೇ ಫ್ಲೆಕ್ಸು, ಆಟೋ ಹಿಂದಿನ ಬೋರ್ಡು, ಹೋರ್ಡಿಂಗ್ ಅಂತ ಶುರು ಮಾಡುತ್ತಾರೆ. ಅವರಿಗೆ ಪ್ರಿಂಟರ್ ಕಡೆಯಿಂದ ಕಮಿಷನ್ ಇರುತ್ತದೆ. ಇನ್ನೊಬ್ಬರು ಫೀಸು ಮಾತ್ರ ತಗೊಳ್ಳುತ್ತಾರೆ. ನಿಮಗೆ ನಮ್ಮನ್ನು ಬಿಟ್ಟು ಬೇರೆ ಎಲ್ಲಿಂದ ದುಡ್ಡು ಬರುತ್ತದೆ ಅಂತ ನೇರವಾಗಿ ಕೇಳಿ. ಕೇಳೋಕೆ ಮುಜುಗರ ಆಗಬಹುದು, ಆದರೂ ಕೇಳಿ. ನಾವು ಒಪ್ಪಿದವರು ಎರಡನೇ ಥರದವರು. ತಿಂಗಳಿಗೆ 12,000, ಮೂರು ತಿಂಗಳ ಮಾತು, ಜಾಹೀರಾತಿನ ದುಡ್ಡು ನಮ್ಮ ಕಾರ್ಡಿನಿಂದಲೇ ನೇರ ಗೂಗಲ್‌ಗೆ.

ಮೊದಲನೇ ವಾರ ಅವರು ಏನೂ ಪೋಸ್ಟ್ ಮಾಡಲಿಲ್ಲ. "ಅಕ್ಕ, ನಾನು ಸುಮ್ನೆ ಇಲ್ಲೇ ಕೂತಿರ್ತೀನಿ, ನೀವು ವ್ಯಾಪಾರ ಮಾಡ್ಕೊಳ್ಳಿ" ಅಂತ ತಕ್ಕಡಿ ಪಕ್ಕದ ಸ್ಟೂಲ್ ಮೇಲೆ ಕೂತು, ಒಂದು ಗೆರೆ ಹಾಕಿದ ಪುಸ್ತಕದಲ್ಲಿ ಬಂದವರದ್ದೆಲ್ಲ ಬರೆದುಕೊಂಡರು. ಯಾವ ಕಡೆಯಿಂದ ಬಂದರು, ನಡೆದು ಬಂದರಾ ಗಾಡಿಯಲ್ಲಿ ಬಂದರಾ, ಕೈಯಲ್ಲಿ ಖಾಲಿ ಕ್ಯಾನ್ ಇತ್ತಾ, ಮೊದಲು ಏನು ಕೇಳಿದರು, ಎಷ್ಟು ತಗೊಂಡರು. ಕ್ಯಾನ್ ತಂದವರು ಯಾರೂ ರೇಟು ಕೇಳೋದೇ ಇಲ್ಲ, ಯಾವತ್ತು ಆಡಿಸಿದ್ದು ಅಂತ ಮಾತ್ರ ಕೇಳುತ್ತಾರೆ ಅನ್ನೋದನ್ನು ಅವರು ತೋರಿಸಿದ ಮೇಲೇ ನಾನು ಗಮನಿಸಿದ್ದು. ಆಮೇಲೆ ಬಾಗಿಲಲ್ಲೊಂದು ಕರಿ ಹಲಗೆ ಇಟ್ಟೆವು. ಇವತ್ತು ಯಾವ ಎಣ್ಣೆ ಆಡಿಸಿದ್ದು, ನಾಳೆ ಯಾವುದು, ಅಷ್ಟೇ. ಇದಕ್ಕೆ ಒಂದು ಸೀಮೆಸುಣ್ಣದ ಖರ್ಚು.

ಇನ್ನೊಂದನ್ನೂ ಅವರೇ ಹಿಡಿದರು. ಲಿಂಗಾಂಬುಧಿ ಕೆರೆಗೆ ವಾಕಿಂಗ್ ಹೋಗಿ ಬರುವವರು ಬೆಳಿಗ್ಗೆ ಏಳು, ಏಳೂವರೆಗೆ ನಮ್ಮ ಮುಂದೆಯೇ ಹಾದು ಹೋಗುತ್ತಾರೆ, ನಾವು ಬಾಗಿಲು ತೆಗೆಯುತ್ತಿದ್ದದ್ದು ಹತ್ತಕ್ಕೆ. ಈಗ ಏಳಕ್ಕೆ ತೆಗೆದು, ಮಧ್ಯಾಹ್ನ ಒಂದಷ್ಟು ಹೊತ್ತು ಮುಚ್ಚುತ್ತೇವೆ. ನಮ್ಮ ವ್ಯಾಪಾರ ಎದ್ದು ಕಾಣುವಷ್ಟು ಏರಿದ್ದು ಇದೊಂದರಿಂದಲೇ. ಬೆಂಗಳೂರಿನಲ್ಲಿ ಕೂತವರಿಗೆ ಇದು ಹೇಗೆ ಗೊತ್ತಾಗಬೇಕು ಹೇಳಿ!

ಗೂಗಲ್ ಮ್ಯಾಪಿನಲ್ಲಿ ನಮ್ಮ ಗುರುತು ಹಿಂದಿನ ಕ್ರಾಸಿನಲ್ಲಿ ಬಿದ್ದಿತ್ತು. ಅದನ್ನು ಅವರು ಸರಿ ಮಾಡಿದರು, ಸಮಯ ಬದಲಾಯಿಸಿದರು, ಅಂಗಡಿಯ ಮುಂಭಾಗ ರಸ್ತೆಯಿಂದ ಹೇಗೆ ಕಾಣುತ್ತದೋ ಹಾಗೇ ಫೋಟೋ ಹಾಕಿದರು. ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. ಹುಡುಕಿದಾಗ ಯಾರನ್ನು ಮೇಲೆ ತೋರಿಸಬೇಕು ಅನ್ನೋದಕ್ಕೆ ಅದು ನೋಡೋದು ಮುಖ್ಯವಾಗಿ ಮೂರು: ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಹೊಂದುತ್ತದಾ, ಎಷ್ಟು ಹತ್ತಿರ, ಎಷ್ಟು ಹೆಸರಿದೆ. ದುಡ್ಡು ಕೊಟ್ಟರೆ ನಿಮ್ಮನ್ನು ಮ್ಯಾಪಿನಲ್ಲಿ ಮೊದಲನೇ ಜಾಗಕ್ಕೆ ತರುತ್ತೇವೆ ಅಂತ ಗ್ಯಾರಂಟಿ ಕೊಡುವವರು ಫೋನ್ ಮಾಡುತ್ತಲೇ ಇರುತ್ತಾರೆ, ಅಂಥವರಿಗೆ ಒಂದು ರೂಪಾಯಿಯೂ ಕೊಡಬೇಡಿ. ರಿವ್ಯೂಗೆ ಪ್ರತಿಯಾಗಿ ದುಡ್ಡು, ಡಿಸ್ಕೌಂಟ್ ಕೊಡೋದೂ ಗೂಗಲ್ ನಿಯಮಕ್ಕೆ ವಿರುದ್ಧ. ನಮ್ಮ ಕನ್ಸಲ್ಟೆಂಟ್ ಹೇಳಿಕೊಟ್ಟಿದ್ದು ಸರಳ. ಎರಡನೇ ಸಲ ಕ್ಯಾನ್ ಹಿಡಿದು ಬಂದವರನ್ನು ಮಾತ್ರ ಕೇಳಿ, ಅವರಿಗೆ ಹೇಳೋಕೆ ಏನಾದರೂ ಇರುತ್ತದೆ ಅಂತ.

ದಸರಾ ವಿಷಯದಲ್ಲೂ ಇಬ್ಬರ ಫರಕು ಕಂಡಿತು. ಏಜೆನ್ಸಿಯವರಿಗೆ ಮೈಸೂರು ಅಂದರೆ ದಸರಾ, ಇಡೀ ವರ್ಷದ ಜಾಹೀರಾತಿನ ದುಡ್ಡು ಅಲ್ಲೇ ಸುರಿಯೋಣ ಅಂದಿದ್ದರು. ಜಂಬೂ ಸವಾರಿ ನೋಡೋಕೆ ಬಂದವರು ಐದು ಲೀಟರ್ ಎಣ್ಣೆ ಹೊತ್ತುಕೊಂಡು ಬಸ್ ಹತ್ತುತ್ತಾರಾ? ಊರಿನ ಕನ್ಸಲ್ಟೆಂಟ್ ಹೇಳಿದ್ದು ಬೇರೆ. ದಸರಾ ಬಿಡಿ, ದೀಪಾವಳಿಗೆ ಹತ್ತು ದಿನ ಮುಂಚೆ ಶುರು ಮಾಡಿ. ನರಕ ಚತುರ್ದಶಿಯ ಎಣ್ಣೆ ಸ್ನಾನಕ್ಕೆ ಎಳ್ಳೆಣ್ಣೆ, ಹರಳೆಣ್ಣೆ. ಅದರ ಹಿಂದೆಯೇ ಕಾರ್ತಿಕ ಮಾಸ, ತಿಂಗಳಿಡೀ ದೀಪದ ಎಣ್ಣೆ. ಅಂಗಡಿ ಸುತ್ತ ಮೂರು ನಾಲ್ಕು ಕಿಲೋಮೀಟರ್‌ಗೆ ಮಾತ್ರ ಕಾಣುವ ಹಾಗೆ ಜಾಹೀರಾತು ಹಾಕಿದೆವು. ಕನ್ನಡದಲ್ಲಿ, ನಮ್ಮ ಬಾಗಿಲ ಫೋಟೋ ಹಾಕಿ. ಖರ್ಚೂ ಕಡಿಮೆ, ಬಂದವರೂ ನಮ್ಮ ಬಡಾವಣೆಯವರೇ.

ಕೊರತೆಗಳೂ ಇವೆ. ಅವರು ಒಬ್ಬರೇ. ಮದುವೆ ಸೀಸನ್ನಿನಲ್ಲಿ ಕಲ್ಯಾಣ ಮಂಟಪದ ಕೆಲಸ ಬಂದರೆ ನಮ್ಮ ಫೋನ್ ಎತ್ತೋದು ಸಂಜೆಗೆ. ಫೋಟೋ ಸಾಧಾರಣ. ವೆಬ್‌ಸೈಟ್ ಕೇಳಿದರೆ ನನಗೆ ಬರೋದಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಿಬಿಟ್ಟರು. ಊರಿನವರಾದ್ದರಿಂದ ನಾಳೆ ಪಕ್ಕದ ಬೀದಿಯ ಗಾಣದವರಿಗೂ ಕೆಲಸ ಮಾಡಬಹುದು, ಇದು ದೊಡ್ಡ ವಿಷಯ. ನಮ್ಮ ಕೆಲಸ ಮುಗಿಯುವವರೆಗೆ ಇದೇ ಏರಿಯಾದಲ್ಲಿ ಬೇರೆ ಎಣ್ಣೆ ಅಂಗಡಿ ಒಪ್ಪಿಕೊಳ್ಳೋದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆಸಿಕೊಂಡೆವು. ಅದೇ ಹಾಳೆಯಲ್ಲಿ ಗೂಗಲ್ ಪ್ರೊಫೈಲಿನ ಪ್ರೈಮರಿ ಓನರ್ ನಾವೇ, ಅವರು ಮ್ಯಾನೇಜರ್ ಮಾತ್ರ ಅಂತಲೂ ಇದೆ. ಇನ್‌ಸ್ಟಾಗ್ರಾಮ್ ನಮ್ಮ ಮೊಬೈಲ್ ನಂಬರಿನಲ್ಲಿ, ಜಾಹೀರಾತಿನ ಅಕೌಂಟು ನಮ್ಮ ಹೆಸರಿನಲ್ಲಿ. ಯಾರನ್ನೇ ಇಟ್ಟುಕೊಳ್ಳಿ, ಈ ಮೂರನ್ನು ಮಾತ್ರ ಬಿಟ್ಟುಕೊಡಬೇಡಿ.

ಮೂರು ತಿಂಗಳಾದ ಮೇಲೆ ನಾವು ಮುಂದುವರಿಸಲಿಲ್ಲ, ಅವರೂ ಬೇಡ ಅಂದರು. ಈಗ ವಾಟ್ಸಾಪ್ ಬಿಸಿನೆಸ್ಸನ್ನು ನಾನೇ ನೋಡಿಕೊಳ್ಳುತ್ತೇನೆ. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟು ಒಂದಕ್ಕೆ 256 ಜನ, ಅದೂ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಅದಕ್ಕೇ ಬಿಲ್ ಮಾಡುವಾಗಲೇ ಸೇವ್ ಮಾಡಿಕೊಳ್ಳಿ ಅಂತ ಕೇಳುತ್ತೇನೆ. ದೀಪಾವಳಿಗೆ ಮುಂಚೆ, ಸಂಕ್ರಾಂತಿಯ ಎಳ್ಳಿನ ಹೊತ್ತಿಗೆ ಮುಂಚೆ ಕನ್ಸಲ್ಟೆಂಟರನ್ನು ಒಂದು ದಿನದ ಮಟ್ಟಿಗೆ ಕರೆಸಿ, ಆ ದಿನದ ಫೀಸು ಕೊಡುತ್ತೇವೆ.

ಆದರೆ ಮಂಡ್ಯದಲ್ಲಿರುವ ನಮ್ಮ ಭಾವನಿಗೆ ನಾನು ಇದನ್ನೇ ಮಾಡಿ ಅಂತ ಹೇಳಲಿಲ್ಲ. ಅವರದು ಆಲೆಮನೆ ಬೆಲ್ಲದ ವ್ಯಾಪಾರ, ಅಂಗಡಿ ಇರೋದು ಹಳೇ ಮೈಸೂರು ರಸ್ತೆಯಲ್ಲಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೆಂಗಳೂರಿನ ಕಾರುಗಳು ಬೈಪಾಸ್ ಹಿಡಿದು ಹೋಗಿಬಿಡುತ್ತವೆ, ಊರೊಳಗೆ ಬರೋದೇ ಇಲ್ಲ. ಅವರ ಗಿರಾಕಿ ಈಗ ಬಡಾವಣೆಯವರಲ್ಲ, ಬೆಂಗಳೂರು, ಹೈದರಾಬಾದಿನಲ್ಲಿ ಕೂತು ಕೊರಿಯರ್‌ನಲ್ಲಿ ತರಿಸಿಕೊಳ್ಳುವವರು. ಬೆಲ್ಲದ ಪುಡಿ ಸೋರೋದಿಲ್ಲ, ಒಡೆಯೋದಿಲ್ಲ, ಎಣ್ಣೆಯ ಹಾಗೆ ಪಾರ್ಸಲ್ ತಲೆನೋವಿಲ್ಲ. ಅವರಿಗೆ ಬೇಕಿರೋದು ಒಳ್ಳೆ ಫೋಟೋ, ಲೇಬಲ್ಲು, ವೆಬ್‌ಸೈಟು. ಇದೆಲ್ಲ ಏಜೆನ್ಸಿಯವರು ಚೆನ್ನಾಗಿ ಮಾಡುತ್ತಾರೆ. "ಭಾವ, ನೀವು ಬೆಂಗಳೂರಿನವರ ಹತ್ತಿರವೇ ಹೋಗಿ, ಆದರೆ ತಿಂಗಳ ಪ್ಯಾಕೇಜ್ ಬೇಡ, ಇಷ್ಟು ಕೆಲಸಕ್ಕೆ ಇಷ್ಟು ಅಂತ ಮಾತಾಡಿ" ಅಂತ ಹೇಳಿ, ನಮ್ಮ ಷರತ್ತಿನ ಹಾಳೆಯ ಒಂದು ಜೆರಾಕ್ಸ್ ಕಳಿಸಿಕೊಟ್ಟೆ.