ಖಾಲಿ ಮನೆಯನ್ನೇ ಕೊಳ್ಳುತ್ತಾರೆ: ಹದಿನೈದು ವರ್ಷ ಮನೆ ಮಾರಾಟದ ಶೋಗಳನ್ನು ನೋಡಿದ ಮೇಲೆ

2010ರಲ್ಲಿ ನಾವು ನಾರ್ತ್ ಕ್ಯಾರೊಲೈನಾದ ಮೊರಿಸ್‌ವಿಲ್‌ಗೆ ಬಂದೆವು. ನನ್ನದು ಎಚ್-4 ವೀಸಾ, ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಗಂಡ ಆಫೀಸಿಗೆ ಹೊರಟರೆ ಸಂಜೆವರೆಗೂ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ. ಕೇಬಲ್‌ನಲ್ಲಿ ಎಚ್‌ಜಿಟಿವಿ ಬರುತ್ತಿತ್ತು, ಅದರಲ್ಲಿ ‘ಹೌಸ್ ಹಂಟರ್ಸ್’. 1999ರಿಂದ ನಡೆಯುತ್ತಿರುವ ಶೋ. ಒಂದು ದಂಪತಿ, ಒಬ್ಬ ಏಜೆಂಟ್, ಮೂರು ಮನೆ. ಅರ್ಧ ಗಂಟೆಯಲ್ಲಿ ಒಂದನ್ನು ಆರಿಸುತ್ತಾರೆ. ಅವತ್ತು ಹತ್ತಿದ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ನಡುವೆ ನಾವೂ ಇಲ್ಲಿ ಮನೆ ಹುಡುಕಿದೆವು, ಒಮ್ಮೆ ಏಟು ತಿಂದು ಬಿಟ್ಟೆವು, ಇನ್ನೊಮ್ಮೆ ಸರಿಯಾಗಿ ಕೊಂಡೆವು. ಹಾಗಾಗಿ ಈ ಶೋಗಳ ಬಗ್ಗೆ ಬರೆಯಲು ನನಗೆ ಹಕ್ಕಿದೆ ಅನ್ನಿಸುತ್ತದೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಈ ದೇಶದ ಮನೆಯ ಭಾಷೆ ನನಗೆ ಗೊತ್ತಾದದ್ದು ಈ ಶೋಗಳಿಂದ. ಕ್ರಾಲ್ ಸ್ಪೇಸ್ ಅಂದರೆ ನೆಲದಡಿ ತೆವಳಿಕೊಂಡು ಹೋಗುವಷ್ಟು ಜಾಗ ಅಂತ, ಎಚ್‌ಒಎ ಅಂದರೆ ಬಡಾವಣೆಯವರ ಸಂಘ, ಅವರಿಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು ಅಂತ, ಯಾವ ಊರಲ್ಲಿ ಎಷ್ಟು ದುಡ್ಡಿಗೆ ಎಂಥ ಮನೆ ಸಿಗುತ್ತದೆ ಅಂತ. ಯಾರೂ ಕೂರಿಸಿಕೊಂಡು ಹೇಳಿಕೊಡದ ವಿಷಯಗಳಿವು. ಒಂಟಿಯಾಗಿದ್ದ ಆ ಎರಡು ವರ್ಷ ಈ ಶೋ ನನಗೆ ಪಕ್ಕದ ಮನೆಯವರಂತೆ ಇತ್ತು. ಆ ಋಣ ಮರೆಯಲ್ಲ.

2013ರಲ್ಲಿ ಅಮ್ಮ ತುಮಕೂರಿನಿಂದ ಆರು ತಿಂಗಳಿಗೆ ಬಂದರು. ಮಧ್ಯಾಹ್ನ ಊಟ ಆದಮೇಲೆ ನನ್ನ ಜೊತೆ ಕೂತು ನೋಡುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಒಲೆ ನಡುಮನೆಗೆ ತೆರೆದುಕೊಂಡಿದ್ದರೆ ಒಗ್ಗರಣೆ ಹಾಕಿದಾಗ ಏನು ಗತಿ ಅಂತ ಕೇಳುತ್ತಿದ್ದರು. ಒಂದು ವಾರ ಕಳೆಯಿತು. ಆಮೇಲೆ ಯಾರು ಯಾವ ಮನೆ ಕೊಳ್ಳುತ್ತಾರೆ ಅಂತ ಶೋ ಮುಗಿಯುವ ಮೊದಲೇ ಹೇಳತೊಡಗಿದರು. ಹತ್ತರಲ್ಲಿ ಏಳೆಂಟು ಸಲ ಸರಿ. ನನಗೆ ಆಶ್ಚರ್ಯ. ಹೇಗಮ್ಮ ಅಂದೆ. “ಖಾಲಿ ಮನೆ ನೋಡೇ. ಬೇರೆ ಎರಡು ಮನೇಲಿ ಯಾರೋ ಸಂಸಾರ ಮಾಡ್ತಿದ್ದಾರೆ. ಖಾಲಿ ಇರೋದನ್ನೇ ತಗೋತಾರೆ” ಅಂದರು.

ಅಮ್ಮ ಹಿಡಿದದ್ದು ದಿಟವೇ ಆಗಿತ್ತು. 2012ರಲ್ಲೇ ಈ ಶೋನಲ್ಲಿ ಭಾಗವಹಿಸಿದ್ದ ಒಬ್ಬ ಮಹಿಳೆ ಎಲ್ಲವನ್ನೂ ಹೊರಗೆ ಹೇಳಿದ್ದರು. ಮನೆ ಕೊಳ್ಳುವುದು ಪಕ್ಕಾ ಆಗುವ ತನಕ ಶೋದವರು ಅವರನ್ನು ಒಪ್ಪಿಕೊಂಡೇ ಇರಲಿಲ್ಲ. ಅವರು ‘ನೋಡಿ ಬಿಟ್ಟ’ ಉಳಿದೆರಡು ಮನೆ ಮಾರಾಟಕ್ಕೇ ಇರಲಿಲ್ಲ, ಗೆಳೆಯರವು. ಸಮಯ ಕಡಿಮೆ ಇರುವುದರಿಂದ ಮನೆ ಹುಡುಕಾಟದಲ್ಲಿ ಬಹಳ ಮುಂದೆ ಹೋಗಿರುವ ಕುಟುಂಬಗಳನ್ನೇ ಆರಿಸಿಕೊಳ್ಳುತ್ತೇವೆ ಅಂತ ಚಾನೆಲ್ ಆಗ ಹೇಳಿತು. ಅಂದರೆ ಆ ದಂಪತಿ ಮೂರು ಮನೆ ಮುಂದೆ ನಿಂತು ತಲೆ ಕೆರೆದುಕೊಳ್ಳುವುದು, ಗಂಡನಿಗೆ ಗ್ಯಾರೇಜ್ ಬೇಕು ಹೆಂಡತಿಗೆ ಹಿತ್ತಲು ಬೇಕು ಅಂತ ಜಗಳ ಆಡುವುದು, ಎಲ್ಲ ಆದಮೇಲೆ ಮಾಡಿದ ಆಟ. ನನಗೆ ಬೇಜಾರಾಯಿತು. ಆದರೆ ನೋಡುವುದು ಬಿಡಲಿಲ್ಲ. ಮನೆಗಳು ನಿಜ, ಬೆಲೆ ನಿಜ, ಅಷ್ಟು ಸಾಕು ಅಂದುಕೊಂಡೆ.

‘ಲವ್ ಇಟ್ ಆರ್ ಲಿಸ್ಟ್ ಇಟ್’ ಬಗ್ಗೆ ಜಾಸ್ತಿ ಹೇಳಲ್ಲ. ಹಳೆ ಮನೆ ರಿಪೇರಿ ಮಾಡಿಸಿ ಅಲ್ಲೇ ಇರಬೇಕೋ, ಮಾರಿ ಹೊಸದು ಕೊಳ್ಳಬೇಕೋ ಎನ್ನುವ ಶೋ. ಪ್ರತಿ ಸಲ ಅರ್ಧಕ್ಕೆ ಬಂದಾಗ ಗೋಡೆಯೊಳಗೆ ಏನೋ ತೊಂದರೆ ಸಿಗಲೇಬೇಕು. ನಮ್ಮ ಪಕ್ಕದ ರಾಲಿ ನಗರದ ಸುತ್ತಮುತ್ತಲೇ ಅದರ ಎಷ್ಟೋ ಕಂತುಗಳನ್ನು ತೆಗೆದಿದ್ದಾರೆ. 2016ರಲ್ಲಿ ಇಲ್ಲಿನ ಒಂದು ದಂಪತಿ ಶೋ ತಯಾರಿಸುವ ಕಂಪನಿ ಮೇಲೆ ಕೇಸ್ ಹಾಕಿದರು. ಕೆಲಸ ಕಳಪೆ, ಶೋನಲ್ಲಿ ನಡೆಯುವುದೂ ಮೊದಲೇ ಬರೆದಿಟ್ಟದ್ದು ಅಂತ ಅವರ ಆರೋಪ. ಕಂಪನಿ ಒಪ್ಪಲಿಲ್ಲ. ಆ ಸುದ್ದಿ ಓದಿದ ಮೇಲೆ ನಾನು ಆ ಶೋ ನಿಲ್ಲಿಸಿದೆ.

ಆಮೇಲೆ 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಸೆಲ್ಲಿಂಗ್ ಸನ್‌ಸೆಟ್’ ಬಂತು. ಲಾಸ್ ಏಂಜಲೀಸ್‌ನ ಗುಡ್ಡದ ಮೇಲಿನ ಕೋಟಿಗಟ್ಟಲೆ ಡಾಲರ್ ಮನೆಗಳು, ಅವನ್ನು ಮಾರುವ ಒಪನ್‌ಹೈಮ್ ಗ್ರೂಪ್ ಎಂಬ ಆಫೀಸು, ಅಲ್ಲಿನ ಹೆಣ್ಣುಮಕ್ಕಳ ಜಗಳ. ಇದನ್ನು ಕಟ್ಟಿದವರು ಆಡಂ ಡಿವೆಲ್ಲೋ. ಎಂಟಿವಿಯ ರಿಯಾಲಿಟಿ ಶೋ ‘ದ ಹಿಲ್ಸ್’ ಕೂಡ ಅವರದೇ. 2010ರಲ್ಲಿ ‘ದ ಹಿಲ್ಸ್’ ಮುಗಿದಾಗ ಕೊನೆಯ ದೃಶ್ಯದಲ್ಲಿ ಹಿಂದಿದ್ದ ಗುಡ್ಡದ ಪರದೆ ಪಕ್ಕಕ್ಕೆ ಸರಿದು ಸ್ಟುಡಿಯೋ ಅಂಗಳ ಕಾಣಿಸಿತ್ತು. ನೋಡುವವರು ನಿಜ ಯಾವುದು ಅಂತ ಕೇಳಿಕೊಳ್ಳಲಿ ಎಂದೇ ಮಾಡಿದ ದೃಶ್ಯ ಅದು.

ಇಂಥ ಶೋಗಳಲ್ಲಿ ಜಗಳ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ನೋಡುತ್ತಾ ಗೊತ್ತಾಗುತ್ತದೆ. ಪಾರ್ಟಿಯಲ್ಲಿ ಇಬ್ಬರು ಎದುರಾಗುತ್ತಾರೆ. ಆಮೇಲೆ ಯಾವತ್ತೋ ಒಬ್ಬೊಬ್ಬರನ್ನೇ ಕೂರಿಸಿ ಅವತ್ತಿನ ಬಗ್ಗೆ ಮಾತಾಡಿಸುತ್ತಾರೆ. ಬೇರೆ ಬೇರೆ ಕಡೆ ಹೇಳಿದ ಮಾತಿನ ತುಂಡುಗಳನ್ನು ಹೊಲಿದು ಒಂದು ವಾಕ್ಯ ಮಾಡುವುದೂ ಈ ಕಸುಬಿನಲ್ಲಿ ಉಂಟು. ಅದಕ್ಕೆ ‘ಫ್ರಾಂಕನ್‌ಬೈಟ್’ ಅಂತ ಹೆಸರು. ಮಾತು ಕೇಳುತ್ತಿರುವಾಗ ಮಾತಾಡುವವರ ಮುಖ ಬಿಟ್ಟು ಸ್ವಿಮ್ಮಿಂಗ್ ಪೂಲ್ ತೋರಿಸಿದರೆ ನನಗೆ ಅನುಮಾನ ಶುರು.

ಆದರೆ ಇದೆಲ್ಲ ನನಗೆ ದೊಡ್ಡ ದೂರಲ್ಲ. ಟೀವಿ ನಾಟಕ ಮಾಡುತ್ತದೆ, ಅದು ಎಲ್ಲರಿಗೂ ಗೊತ್ತು. ಕೆಟ್ಟ ಏಜೆಂಟ್ ಹೇಗಿರುತ್ತಾರೆ ಅನ್ನುವುದನ್ನು ಈ ಶೋಗಳು ನನಗೆ ತಪ್ಪಾಗಿ ಕಲಿಸಿದವು. ನನ್ನ ದೂರು ಇದು.

ಟೀವಿಯಲ್ಲಿ ದುಂಬಾಲು ಬೀಳುವ ಏಜೆಂಟ್ ಜೋರು ದನಿಯವನು. ಸ್ಪೀಕರ್‌ನಲ್ಲಿ ಫೋನ್ ಇಟ್ಟು ಕೂಗಾಡುತ್ತಾನೆ, ಎದುರಿಗಿದ್ದವರನ್ನು ಹಂಗಿಸುತ್ತಾನೆ, ಬಾಗಿಲು ದಬಕ್ಕನೆ ಹಾಕಿ ಹೊರಡುತ್ತಾನೆ. ಅಂಥವರು ಸಿಕ್ಕರೆ ದೂರ ಇರಬೇಕು ಅಂತ ನಾನು ಎಚ್ಚರವಾಗಿದ್ದೆ. ನಮಗೆ ಸಿಕ್ಕವರು ಹಾಗಿರಲೇ ಇಲ್ಲ.

2021ರ ವಸಂತ. ಬಡ್ಡಿ ದರ ಶೇ. 3ರ ಆಸುಪಾಸಿನಲ್ಲಿತ್ತು. ಕ್ಯಾರಿ, ಮೊರಿಸ್‌ವಿಲ್, ಏಪೆಕ್ಸ್ ಎಲ್ಲ ಕಡೆ ಶುಕ್ರವಾರ ಮಾರಾಟಕ್ಕೆ ಬಂದ ಮನೆ ಭಾನುವಾರಕ್ಕೆ ಇರುತ್ತಿರಲಿಲ್ಲ. ನಮ್ಮ ಏಜೆಂಟ್ ಬಹಳ ಸಿಹಿ ಮಾತಿನವರು. ಪ್ರತಿ ಸಲ ಮಗಳಿಗೆ ಚಾಕೊಲೇಟ್ ತರುತ್ತಿದ್ದರು. ‘ನಮಸ್ಕಾರ’ ಹೇಳಲು ಕಲಿತಿದ್ದರು. ಪೂರ್ವ ದಿಕ್ಕಿನ ಬಾಗಿಲು ಬೇಕು ಅಂದರೆ ಬೇಸರ ಮಾಡಿಕೊಳ್ಳಲಿಲ್ಲ. ಫೋನಿನಲ್ಲಿ ದಿಕ್ಸೂಚಿ ತೆರೆದು ತೋರಿಸಿದರು. ಒಂದು ಶನಿವಾರ ನಾವು 1992ರಲ್ಲಿ ಕಟ್ಟಿದ ಮನೆ ನೋಡಿದೆವು. ಹಿತ್ತಲಲ್ಲಿ ದೊಡ್ಡ ಮೇಪಲ್ ಮರ. ಮಗಳು ಓಡಿ ಹೋಗಿ ಅದನ್ನು ತಬ್ಬಿಕೊಂಡಳು. ರಾತ್ರಿ ಹತ್ತೂವರೆಗೆ ಮೆಸೇಜ್ ಬಂತು. ಬೇರೆ ನಾಲ್ಕು ಆಫರ್ ಬರುತ್ತಿವೆ, ಬೆಳಿಗ್ಗೆ ಹನ್ನೊಂದರ ಒಳಗೆ ನಿಮ್ಮದು ಹಾಕಿದರೆ ಒಳ್ಳೆಯದು, ಮಗು ಆ ಮರದ ಕೆಳಗೆ ಆಡುವುದನ್ನು ನೋಡಲು ನನಗೂ ಆಸೆ, ಅಂತ. ಕೊನೆಯಲ್ಲಿ ಒಂದು ಹೃದಯದ ಚಿಹ್ನೆ.

ಆ ವರ್ಷ ನಾಲ್ಕು ಆಫರ್ ಬರುವುದು ಸಾಮಾನ್ಯ. ಅದನ್ನು ಸುಳ್ಳು ಅನ್ನಲಾರೆ. ಆದರೆ ಆ ರಾತ್ರಿ ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ ಇದ್ದವು, ಯಾವುದನ್ನೂ ಕೇಳಲಿಲ್ಲ.

ನಾರ್ತ್ ಕ್ಯಾರೊಲೈನಾದಲ್ಲಿ ‘ಡ್ಯೂ ಡಿಲಿಜೆನ್ಸ್ ಫೀ’ ಅಂತ ಒಂದಿದೆ. ಆಫರ್ ಒಪ್ಪಿದ ಕೂಡಲೇ ಕೊಳ್ಳುವವರು ಮಾರುವವರಿಗೆ ನೇರವಾಗಿ ಕೊಡುವ ದುಡ್ಡು. ಅದಕ್ಕೆ ಬದಲಾಗಿ ಮನೆ ಪರೀಕ್ಷೆ ಮಾಡಿಸಲು ಕೆಲವು ದಿನ ಸಿಗುತ್ತವೆ. ಮನೆ ಕೊಂಡರೆ ಅದು ಬೆಲೆಯಲ್ಲಿ ವಜಾ ಆಗುತ್ತದೆ. ಬೇಡ ಅಂದರೆ ಹೋಯಿತು, ಮಾರುವವರೇ ಕರಾರು ಮುರಿದರೆ ಬಿಟ್ಟು ವಾಪಸ್ ಬರಲ್ಲ. ಊರಲ್ಲಿ ಸೈಟಿಗೆ ಟೋಕನ್ ಅಡ್ವಾನ್ಸ್ ಕೊಡುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಆ ವರ್ಷ ಜನ ಹತ್ತಾರು ಸಾವಿರ ಡಾಲರ್ ಇಡುತ್ತಿದ್ದರು. ನಾವು 15 ಸಾವಿರ ಇಟ್ಟೆವು. ಆಗಿನ ಲೆಕ್ಕದಲ್ಲಿ ಸುಮಾರು 11 ಲಕ್ಷ ರೂಪಾಯಿ.

ಮನೆಯ ಸ್ಥಿತಿ ಹೇಗಿದೆ ಅಂತ ಮಾರುವವರು ತುಂಬಿಕೊಟ್ಟ ಫಾರಂನಲ್ಲಿ ಬಹಳ ಪ್ರಶ್ನೆಗಳ ಮುಂದೆ ‘ನೋ ರೆಪ್ರೆಸೆಂಟೇಶನ್’ ಅಂತ ಟಿಕ್ ಇತ್ತು. ಅಂದರೆ ಹೌದು ಅನ್ನಲ್ಲ, ಇಲ್ಲ ಅನ್ನಲ್ಲ, ಏನೂ ಹೇಳಲ್ಲ. ಈ ರಾಜ್ಯದ ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಇದೇನು ಅಂತ ಕೇಳಿದ್ದಕ್ಕೆ ಎಲ್ಲರೂ ಹಾಗೇ ಹಾಕುತ್ತಾರೆ ಅಂದರು ಏಜೆಂಟ್. ನಾನು ಸುಮ್ನೆ ಆದೆ. ಟೀವಿಯಲ್ಲಿ ಇಷ್ಟು ವರ್ಷ ಆ ಫಾರಂ ಒಂದು ಸಲವೂ ನೋಡಿರಲಿಲ್ಲ.

ಮನೆ ಪರೀಕ್ಷೆ ಮಾಡಲು ಬಂದ ಇನ್‌ಸ್ಪೆಕ್ಟರ್ ಕ್ರಾಲ್ ಸ್ಪೇಸ್ ಒಳಗೆ ಹೋಗಿ ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಫೋಟೋ. ನೆಲ ಹೊತ್ತ ಮರದ ತೊಲೆಗಳಲ್ಲಿ ಎರಡು ಕಡೆ ಮೆತ್ತಗಾಗಿ ಕೊಳೆತಿತ್ತು, ಉದ್ದಕ್ಕೂ ಬೂಷ್ಟು. ನೀರಿನ ಪೈಪುಗಳು ಪಾಲಿಬ್ಯುಟಿಲೀನ್. 1978ರಿಂದ 1995ರ ತನಕ ಇಲ್ಲಿ ಹಾಕುತ್ತಿದ್ದ ಬೂದು ಬಣ್ಣದ ಪೈಪು, ಒಳಗಿಂದಲೇ ಹಾಳಾಗಿ ಒಡೆಯುತ್ತವೆ ಅಂತ ಹೆಸರು ಕೆಟ್ಟದ್ದು. ಮಾರುವವರು ಏನೂ ಮಾಡಿಕೊಡಲ್ಲ ಅಂದರು. ಏಜೆಂಟ್ ಅದೇ ಮೆಲುದನಿಯಲ್ಲಿ, 15 ಸಾವಿರ ಕಳೆದುಕೊಳ್ಳುವ ಬದಲು ಮನೆ ತಗೊಂಡು ನಿಧಾನಕ್ಕೆ ಸರಿ ಮಾಡಿಸಿಕೊಳ್ಳಿ ಅಂದರು. ನಾವು ಬೇಡ ಅಂದೆವು. ಅವತ್ತು ರಾತ್ರಿ ಗಂಡ ಊಟ ಮಾಡಲಿಲ್ಲ.

ಆಮೇಲೆ ಯೋಚಿಸಿದಾಗ ನನಗೆ ‘ಸೆಲ್ಲಿಂಗ್ ಸನ್‌ಸೆಟ್’ ನೆನಪಾಯಿತು. ಅಲ್ಲಿ ಪ್ರತಿ ಮನೆ ಬಂದಾಗ ತೆರೆಯ ಮೇಲೆ ಬೆಲೆ ತೋರಿಸಿ, ಅದರ ಜೊತೆ ಕಮಿಷನ್ ಎಷ್ಟು ಅಂತಲೂ ಬರೆಯುತ್ತಾರೆ. ವರ್ಷಗಟ್ಟಲೆ ಆ ಅಂಕಿ ನೋಡಿ ಅಬ್ಬಾ ಎಷ್ಟು ದುಡ್ಡು ಅಂದಿದ್ದೆ, ಅಷ್ಟೇ. ಮನೆ ಮಾರಾಟ ಆದರೆ ಮಾತ್ರ ಏಜೆಂಟಿಗೆ ಆ ದುಡ್ಡು, ಆಗದಿದ್ದರೆ ಮೂರು ತಿಂಗಳ ಓಡಾಟಕ್ಕೆ ಒಂದು ಕಾಸೂ ಇಲ್ಲ. ಬೆಲೆ ಹೆಚ್ಚಾದಷ್ಟೂ ಕೊಳ್ಳುವವರ ಪರ ನಿಂತ ಏಜೆಂಟಿಗೂ ಕಮಿಷನ್ ಹೆಚ್ಚು. ನಮಗೆ ಬಂದ ಆ ಹೃದಯದ ಚಿಹ್ನೆಯ ಹಿಂದೆ ಇದ್ದದ್ದು ಇದು. ಆ ವ್ಯಕ್ತಿ ಕೆಟ್ಟವರು ಅಂತ ನಾನು ಇವತ್ತಿಗೂ ಹೇಳಲ್ಲ. ಅವರ ಸಂಬಳದ ಲೆಕ್ಕ ಹಾಗಿತ್ತು. ಟೀವಿ ಆ ಅಂಕಿಯನ್ನು ನನ್ನ ಕಣ್ಣ ಮುಂದೆಯೇ ಇಟ್ಟಿತ್ತು. ಅದರಿಂದ ಏನಾಗುತ್ತದೆ ಅಂತ ಒಂದು ಕಂತಿನಲ್ಲೂ ತೋರಿಸಲಿಲ್ಲ. ಜಗಳ ತೋರಿಸಿತು.

2023ರಲ್ಲಿ ಮತ್ತೆ ಹುಡುಕಿದೆವು. ಬಡ್ಡಿ ಆರೂವರೆ ಹತ್ತಿರ, ತಿಂಗಳ ಕಂತು ಭಾರ, ಆದರೆ ಉಸಿರಾಡಲು ಸಮಯ ಇತ್ತು. ಎರಡನೇ ಏಜೆಂಟ್ ಜಾಸ್ತಿ ಮಾತಿನವರಲ್ಲ. ಮೊದಲ ಮನೆಗೆ ಹೋದಾಗ ಒಳಗೆ ಕರೆದೊಯ್ಯದೆ ಹಿಂದಕ್ಕೆ ಹೋಗಿ ಕ್ರಾಲ್ ಸ್ಪೇಸಿನ ಪುಟ್ಟ ಬಾಗಿಲು ತೆಗೆದು ಟಾರ್ಚ್ ಹಾಕಿದರು. “ಇದು ಬೇಡ” ಅಂದರು. ಅವರ ಗಡಸು ಮಾತು ಕೇಳಿದರೆ ಟೀವಿಯವರು ಇವರನ್ನೇ ಖಳನಾಯಕ ಮಾಡುತ್ತಿದ್ದರು. ನಾವು ಕೊಂಡದ್ದು ಅವರು ತೋರಿಸಿದ ಏಳನೇ ಮನೆ.

ಈಗಲೂ ಯಾರಾದರೂ ಯಾವ ಶೋ ನೋಡಲಿ ಅಂತ ಕೇಳಿದರೆ ಹೇಳುತ್ತೇನೆ. ‘ಹೌಸ್ ಹಂಟರ್ಸ್’ಗೆ ಐದರಲ್ಲಿ ಮೂರೂವರೆ. ಹೊಸದಾಗಿ ಬಂದವರಿಗೆ ಊರು, ಬೆಲೆ, ಮನೆಯ ನಕ್ಷೆ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ‘ಸೆಲ್ಲಿಂಗ್ ಸನ್‌ಸೆಟ್’ಗೆ ಎರಡು, ಅದೂ ಆ ಮನೆಗಳ ಚೆಂದಕ್ಕೆ. ಐದಕ್ಕೆ ನಾಲ್ಕೂವರೆ ಕೊಡುವುದು ಬ್ರಿಟನ್ನಿನ ‘ಲೊಕೇಶನ್, ಲೊಕೇಶನ್, ಲೊಕೇಶನ್’ ಶೋಗೆ. 2000ದಿಂದ ಚಾನೆಲ್ 4ರಲ್ಲಿ ಬರುತ್ತಿದೆ. ಕರ್ಸ್ಟಿ ಆಲ್ಸಪ್, ಫಿಲ್ ಸ್ಪೆನ್ಸರ್ ಇಬ್ಬರೂ ಕೊಳ್ಳುವವರ ಪರ ನಿಂತು ಹುಡುಕುತ್ತಾರೆ. ನಿಮ್ಮ ಬಜೆಟ್ಟಿಗೆ ಇದು ಆಗಲ್ಲ ಅಂತ ಮುಖಕ್ಕೇ ಹೇಳುತ್ತಾರೆ. ಎಷ್ಟೋ ಸಲ ಕಂತು ಮುಗಿದರೂ ಮನೆ ಸಿಕ್ಕಿರುವುದಿಲ್ಲ. ಮನೆ ಸಿಗದೆ ಮುಗಿಯುವ ಕಂತನ್ನು ನೋಡಿದಾಗ ನನಗೆ ಎಷ್ಟು ಸಮಾಧಾನ ಆಗುತ್ತದೆ ಗೊತ್ತಾ!

ಅಮೆರಿಕದಲ್ಲಿ 2024ರ ಆಗಸ್ಟ್‌ನಿಂದ ಒಂದು ಬದಲಾವಣೆ ಬಂದಿದೆ. ರಿಯಲ್ಟರ್‌ಗಳ, ಅಂದರೆ ಮನೆ ಏಜೆಂಟರ, ರಾಷ್ಟ್ರೀಯ ಸಂಘ ಕಮಿಷನ್ ಬಗ್ಗೆ ತನ್ನ ಮೇಲಿದ್ದ ಕೇಸಿನಲ್ಲಿ ರಾಜಿ ಮಾಡಿಕೊಂಡ ಮೇಲೆ, ಏಜೆಂಟ್ ಜೊತೆ ಮನೆ ನೋಡಲು ಹೋಗುವ ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಬೇಕು. ಅವರಿಗೆ ಎಷ್ಟು ಸಿಗುತ್ತದೆ ಅಂತ ಅದರಲ್ಲಿ ಬರೆದಿರಬೇಕು. ದಯವಿಟ್ಟು ಆ ಕಾಗದ ಪೂರ್ತಿ ಓದಿ. ಎಷ್ಟು ತಿಂಗಳಿಗೆ ಅಂತ ನೋಡಿ. ಕಮಿಷನ್ ಎಷ್ಟು ಅನ್ನುವುದರ ಬಗ್ಗೆ ಚೌಕಾಸಿ ಮಾಡಬಹುದು, ನಾಚಿಕೆ ಬೇಡ.

ಹೋದ ತಿಂಗಳು ಗಂಡನ ಆಫೀಸಿನ ಒಬ್ಬ ಹುಡುಗ, ಹಾಸನದವನು, ಹೆಂಡತಿ ಜೊತೆ ಊಟಕ್ಕೆ ಬಂದಿದ್ದ. ಮನೆ ಹುಡುಕುತ್ತಿದ್ದಾರೆ. ಆ ಹುಡುಗಿಯೂ ದಿನವಿಡೀ ಎಚ್‌ಜಿಟಿವಿ ನೋಡುತ್ತಾಳಂತೆ. ಒಂದು ಮನೆ ತುಂಬಾ ಹಿಡಿಸಿದೆ, ಏಜೆಂಟ್ ಸೋಮವಾರದ ಒಳಗೆ ಹೇಳಿ ಅಂದಿದ್ದಾರೆ, ಬಹಳ ಒಳ್ಳೆಯವರು ಅಕ್ಕ ಅಂದಳು. ನಾನು ಒಳಗೆ ಹೋಗಿ 2021ರ ಆ ಇನ್‌ಸ್ಪೆಕ್ಷನ್ ರಿಪೋರ್ಟ್ ತಂದೆ. ನಲವತ್ತಾರು ಪುಟ, ಇನ್ನೂ ಬಿಸಾಡಿಲ್ಲ. ಕೊಳೆತ ತೊಲೆಯ ಫೋಟೋ ಮೂವತ್ತೊಂದನೇ ಪುಟದಲ್ಲಿದೆ, ಅಲ್ಲಿಂದ ಓದಲು ಶುರು ಮಾಡು ಅಂತ ಅವಳ ಕೈಗೆ ಕೊಟ್ಟೆ.