ಮದ್ದು ಬಿಡುವ ಮೊದಲು: ತಳೆಯೋ, ಯಂತ್ರವೋ, ದೋಟಿಯೋ?

ಬದಿಯಡ್ಕದ ಕಡೆ ಒಂದೆಕರೆ ಅಡಿಕೆ ತೋಟವಿರುವ ಭಾವ ಕೇಳಿದ್ದಾರೆ: ಮಳೆ ಹಿಡಿಯುವ ಮೊದಲು ಗೊನೆಗಳಿಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಡಬೇಕು, ಮರ ಹತ್ತುವುದು ಹೇಗೆ?

ಖರ್ಚು ನೋಡಿದರೆ ಕಾಲಿಗೆ ಹಾಕಿಕೊಂಡು ಹತ್ತುವ ತಳೆಯೇ ಅಗ್ಗ. ಒಂದು ತುಂಡು ಹಗ್ಗ ಸಾಕು. ಆದರೆ ಹತ್ತುವವರು ಸಿಗಬೇಕಲ್ಲ! ಪಳಗಿದವರು ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತಾರೆ. ಆ ವೇಗ ಮರ ಹತ್ತುವ ಯಂತ್ರಕ್ಕಿಲ್ಲ. ಅದನ್ನು ಪ್ರತಿ ಮರದ ಬುಡದಲ್ಲೂ ಬಿಚ್ಚಿ ಕಟ್ಟಬೇಕು. ಆದರೂ ಹೊಸಬರಿಗೆ, ಸುರಕ್ಷತಾ ಬೆಲ್ಟ್ ಹಾಕಿಕೊಂಡರೆ, ಯಂತ್ರವೇ ಧೈರ್ಯ. ಪಾಚಿ ಕಟ್ಟಿದ ಒದ್ದೆ ಮರವಾದರೆ ಎರಡನ್ನೂ ನಾನು ನಂಬುವುದಿಲ್ಲ.

ಕಾರ್ಬನ್ ಫೈಬರ್ ದೋಟಿಗೆ, ಅಂದರೆ ಉದ್ದದ ಕೋಲಿಗೆ, ದುಡ್ಡು ಹೆಚ್ಚು. ಹಗುರ, ನೆಲದಲ್ಲೇ ನಿಂತು ಕೆಲಸ. ಗೊನೆಯ ಎಲ್ಲ ಮಗ್ಗುಲಿಗೂ ದ್ರಾವಣ ತಾಗಿಸಲು ಕೈ ಪಳಗಬೇಕು, ಕುತ್ತಿಗೆಯೂ ನೋಯುತ್ತದೆ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ಸಾಲಿಗೆ ದೋಟಿ ಒಯ್ಯಲೇಬೇಡಿ. ಅರುವತ್ತು ಅಡಿ ದಾಟಿದ ಹಳೆ ಮರಗಳಿಗೆ ಅದು ಎಟಕುತ್ತದೆಯೇ ಎಂದು ಕೊಳ್ಳುವ ಮೊದಲೇ ಎತ್ತಿ ನೋಡಿ.

ಮಹಾಳಿಗೆ, ಅಂದರೆ ಅಡಿಕೆಯ ಕೊಳೆರೋಗಕ್ಕೆ, ಶೇ. 1ರ ಬೋರ್ಡೋ ದ್ರಾವಣ ಸಾಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಮಾರು 45 ದಿನಕ್ಕೆ ಎರಡನೆಯ ಸಲ ಬಿಡಬೇಕು. ಆಗ ಮಳೆ ಜೋರಾಗಿರುತ್ತದೆ, ಮರ ಜಾರುತ್ತದೆ. ನಿಮ್ಮದು ಹೆಚ್ಚಾಗಿ ಎಳೆಯ ತೋಟವಾದರೆ, ಮನೆಯವರೇ ದುಡಿಯುವುದಾದರೆ ದೋಟಿ ಕೊಳ್ಳಿ. ಎತ್ತರದ ಮರಗಳೇ ತುಂಬಿದ್ದು, ನಂಬಿಕೆಯ ಕೆಲಸದವರಿದ್ದರೆ ಅವರಿಗೆ ಈಗಲೇ ಹೇಳಿಡಿ. ಅಲ್ಲೊಂದು ಇಲ್ಲೊಂದು ಎತ್ತರದ ಮರವಿದ್ದರೆ ಯಂತ್ರವನ್ನು ನೆರೆಯವರ ಜತೆ ಸೇರಿ ಕೊಂಡರೂ ಆದೀತು.